ಎಂ.ಟೆಕ್‌ಗೆ ಅಂತ ಕೆಲಸ ಬಿಡ್ಬೇಕಾ? ಮೊದ್ಲು ಯಾವ ಸೀಟು ಅಂತ ನೋಡು

ಪ್ರಶ್ನೆ: ಮೇಡಂ ನಮಸ್ತೆ. ನಂಗೆ 26 ವರ್ಷ, ಊರು ಅರಸೀಕೆರೆ ಹತ್ರ ಒಂದು ಹಳ್ಳಿ. ಹಾಸನದಲ್ಲಿ ಇ ಆಂಡ್ ಸಿ ಬಿ.ಇ. ಮುಗಿಸಿ ಕ್ಯಾಂಪಸ್‌ನಲ್ಲೇ ಒಂದು ಸರ್ವೀಸ್ ಕಂಪನಿಗೆ ಸೆಲೆಕ್ಟ್ ಆದೆ, ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ತಾ ಈ ಆಗಸ್ಟ್‌ಗೆ ನಾಲ್ಕು ವರ್ಷ ಮೂರು ತಿಂಗಳು. ಕೈಗೆ 46 ಸಾವಿರ ಬರುತ್ತೆ, ಬೇಸಿಕ್ 25 ಸಾವಿರ. ಮನೆಗೆ ತಿಂಗಳಿಗೆ 12 ಸಾವಿರ ಕಳಿಸ್ತೀನಿ, ಅಪ್ಪನ ಬೈಪಾಸ್ ಆಪರೇಷನ್‌ಗೆ ತಗೊಂಡ ಪರ್ಸನಲ್ ಲೋನ್ ಇಎಂಐ 9,400, ಇನ್ನೂ 22 ಕಂತು ಬಾಕಿ. ಆಗ ಅಪ್ಪ ಅಮ್ಮನ್ನ ಕಂಪನಿ ಇನ್ಶೂರೆನ್ಸ್‌ಗೆ ಸೇರಿಸಿರ್ಲಿಲ್ಲ, ಈಗ ಸೇರಿಸಿದೀನಿ. ಉಳಿತಾಯ 1 ಲಕ್ಷ 80 ಸಾವಿರ ಇದೆ. ತಮ್ಮ ಡಿಪ್ಲೊಮಾ ಮುಗಿಸಿ ಪೀಣ್ಯದಲ್ಲಿ ಕೆಲಸಕ್ಕೆ ಸೇರಿ ಆರು ತಿಂಗಳಾಯ್ತು. ನಂಗೆ ಕಾಲೇಜಿನಿಂದಲೂ ವಿಎಲ್‌ಎಸ್‌ಐ, ಅಂದ್ರೆ ಚಿಪ್ ಡಿಸೈನ್, ಇಷ್ಟ. ಎಂ.ಟೆಕ್ ಸೀಟಿಗೆ ಅಂತ ಹೋದ ಸಲ ಗೇಟ್ ಪರೀಕ್ಷೆ ಬರೆದೆ, ಓದೋಕೆ ಟೈಮ್ ಸಿಗ್ದೆ ಸ್ಕೋರ್ ಸಾವಿರಕ್ಕೆ 480 ಬಂತು. ಈಗ ಕೆಲಸ ಬಿಟ್ಟು ಊರಲ್ಲಿ ಕೂತು ಆರು ತಿಂಗಳು ಸೀರಿಯಸ್ಸಾಗಿ ಓದೋಣ ಅಂತ ಅನ್ಸ್ತಿದೆ. ನೋಟಿಸ್ ಪೀರಿಯಡ್ ಮೂರು ತಿಂಗಳು. ಅಮ್ಮ ಮಾತ್ರ ಕೈಯಲ್ಲಿರೋ ಕೆಲಸ ಬಿಟ್ಟು ಇನ್ನೇನು ಓದ್ತೀಯ, ಮದುವೆ ವಯಸ್ಸು ಮೀರ್ತಾ ಇದೆ ಅಂತಾರೆ. ಬಿಡ್ಲಾ ಬೇಡ್ವಾ?

ಉತ್ತರ: ನೋಡಮ್ಮ, ನನ್ನ ಸ್ಟೂಡೆಂಟ್‌ಗಳ ವಯಸ್ಸು ನಿಂದು, ಅದಕ್ಕೆ ನೀನು ಅಂತಲೇ ಬರೀತೀನಿ, ಬೇಜಾರು ಮಾಡ್ಕೋಬೇಡ. ನೀನು ಲೆಕ್ಕ ಎಲ್ಲ ಬಿಡಿಸಿ ಬರೆದಿರೋದ್ರಿಂದ ಉತ್ತರ ಕೊಡೋಕೆ ಸುಲಭ ಆಯ್ತು, ಬರೀ "ಜಾಬ್ ಬಿಡ್ಲಾ" ಅಂತ ಒಂದು ಲೈನ್ ಬರೆದು ಕಳಿಸೋರಿಗೆ ನಾನು ಏನಂತ ಹೇಳ್ಲಿ.

ನಿನ್ನ ಪ್ರಶ್ನೆಲಿ ಎರಡು ಬೇರೆ ಬೇರೆ ವಿಷಯ ಒಟ್ಟಿಗೆ ಸೇರ್ಕೊಂಡಿವೆ. ಗೇಟ್‌ಗೆ ಓದೋಕೆ ಕೆಲಸ ಬಿಡೋದು ಒಂದು, ಎಂ.ಟೆಕ್ ಓದೋಕೆ ಕೆಲಸ ಬಿಡೋದು ಇನ್ನೊಂದು. ಮೊದಲನೇದು ಬೇಡವೇ ಬೇಡ. ಎರಡನೇದಕ್ಕೆ ನನ್ನ ಉತ್ತರ ಹೌದು, ಆದ್ರೆ ಯಾವ ಸೀಟು ಸಿಕ್ತು ಅನ್ನೋದ್ರ ಮೇಲೆ. ಸುಮ್ನೆ ಎಂ.ಟೆಕ್ ಅಂತ ಯಾರೂ ಕೆಲಸ ಬಿಡಬಾರ್ದು, ಇಂಥ ಕಾಲೇಜಲ್ಲಿ ಇಂಥ ಬ್ರಾಂಚ್ ಅಂತ ಆಫರ್ ಕೈಗೆ ಬಂದ್ಮೇಲೆ ಬಿಡ್ಬೇಕು.

ಮೊದಲನೇದು ಯಾಕೆ ಬೇಡ ಅಂತ ಕ್ಯಾಲೆಂಡರ್ ಇಟ್ಕೊಂಡೇ ನೋಡು. ಇವತ್ತೇ ಪೇಪರ್ ಹಾಕಿದ್ರೂ, ಅಂದ್ರೆ ರಾಜೀನಾಮೆ ಕೊಟ್ರೂ, ಮೂರು ತಿಂಗಳ ನೋಟಿಸ್ ಮುಗಿಯೋದು ನವೆಂಬರ್‌ನಲ್ಲಿ. ಗೇಟ್ ಇರೋದು ಫೆಬ್ರವರಿ ಮೊದಲೆರಡು ವಾರದಲ್ಲಿ. ಅಂದ್ರೆ ನೀನು ಅಂದ್ಕೊಂಡಿರೋ ಆರು ತಿಂಗಳು ಎಲ್ಲಿದೆ? ಸಿಗೋದು ಎರಡೂವರೆ ತಿಂಗಳು. ಅದಾದ್ಮೇಲೆ ರಿಸಲ್ಟ್ ಮಾರ್ಚ್‌ನಲ್ಲಿ, ಆಫರ್‌ಗಳು ಮೇ ಮಧ್ಯದಿಂದ ಜುಲೈ ತನಕ, ಕ್ಲಾಸ್ ಶುರುವಾಗೋದು ಜುಲೈ ಕೊನೆ ಇಲ್ಲ ಆಗಸ್ಟ್. ಡಿಸೆಂಬರ್‌ನಿಂದ ಜುಲೈವರೆಗೆ ಎಂಟು ತಿಂಗಳು ಸಂಬಳ ಇರಲ್ಲ, ಆದ್ರೆ ಮನೆಗೆ 12 ಸಾವಿರ, ಲೋನ್‌ಗೆ 9,400 ಅಂದ್ರೆ 21,400 ಪ್ರತಿ ತಿಂಗಳು ಹೋಗ್ಲೇಬೇಕು, ಎಂಟು ತಿಂಗಳಿಗೆ 1 ಲಕ್ಷ 71 ಸಾವಿರ. ನಿನ್ನ ಉಳಿತಾಯ 1 ಲಕ್ಷ 80 ಸಾವಿರ. ಎಂ.ಟೆಕ್ ಕ್ಲಾಸಿನ ಮೊದಲ ದಿನ ನೀನು ಒಳಗೆ ಹೋಗೋ ಹೊತ್ತಿಗೆ ಅಕೌಂಟ್ ಹೆಚ್ಚುಕಮ್ಮಿ ಖಾಲಿ ಆಗಿರುತ್ತೆ, ಮುಂದೆ ಎರಡು ವರ್ಷ ಇನ್ನೂ ಬಾಕಿ. ಸೀಟು ಸಿಗ್ಲಿಲ್ಲ ಅಂದ್ರಂತೂ ಆ ಗ್ಯಾಪ್ ಇಟ್ಕೊಂಡು ಮತ್ತೆ ಟೆಸ್ಟಿಂಗ್ ಕೆಲಸವೇ ಹುಡುಕ್ಬೇಕು, ಪ್ರಾಯಶಃ ಈಗಿನದಕ್ಕಿಂತ ಕಮ್ಮಿ ಸಂಬಳಕ್ಕೆ.

ಇನ್ನೊಂದು ವಿಷಯ ನಿನ್ನ ಗಮನಕ್ಕೆ ಬಂದಿಲ್ಲ ಅನ್ಸುತ್ತೆ. ನಿಂಗೆ ನಾಲ್ಕು ವರ್ಷ ಮೂರು ತಿಂಗಳಾಗಿದೆ, ಕೆಲಸ ಬಿಡುವಾಗ ಕಂಪನಿ ಕೊಡೋ ಇಡಿಗಂಟು ಗ್ರ್ಯಾಚುಟಿಗೆ ಐದು ವರ್ಷ ಬೇಕು. ನವೆಂಬರ್‌ನಲ್ಲಿ ಬಿಟ್ರೆ ಅದು ಕೈತಪ್ಪುತ್ತೆ. ಮುಂದಿನ ಜುಲೈನಲ್ಲಿ ಬಿಟ್ರೆ ಐದು ವರ್ಷ ದಾಟಿರುತ್ತೆ, ಬೇಸಿಕ್ 25 ಸಾವಿರಕ್ಕೆ 15ರಿಂದ ಗುಣಿಸಿ 26ರಿಂದ ಭಾಗಿಸಿ ಐದು ವರ್ಷಕ್ಕೆ ಲೆಕ್ಕ ಹಾಕಿದ್ರೆ ಸುಮಾರು 72 ಸಾವಿರ ಬರುತ್ತೆ, ಬಿಟ್ಟ ಮೇಲೆ 30 ದಿನದೊಳಗೆ ಕೊಡ್ಬೇಕು ಅಂತ ಕಾನೂನಲ್ಲೇ ಇದೆ. ಓದೋ ಹುಡುಗಿಗೆ 72 ಸಾವಿರ ಅಂದ್ರೆ ಸಣ್ಣ ದುಡ್ಡಲ್ಲ.

ಹಾಗಾದ್ರೆ ಕೆಲಸ ಮಾಡ್ಕೊಂಡೇ ಓದೋಕೆ ಆಗುತ್ತಾ? ಆಗುತ್ತೆ, ಬಹಳ ಜನ ಮಾಡಿದಾರೆ, ಆದ್ರೆ ಇಡೀ ಸಿಲಬಸ್ ಮೇಲೆ ಒಂದೇ ಸಮ ಬಿದ್ರೆ ಆಗಲ್ಲ. ಗೇಟ್ 100 ಮಾರ್ಕ್ಸ್, 65 ಪ್ರಶ್ನೆ, ಮೂರು ಗಂಟೆ. ಅದ್ರಲ್ಲಿ ಜನರಲ್ ಆಪ್ಟಿಟ್ಯೂಡ್ 15, ಮ್ಯಾಥ್ಸ್ ಸುಮಾರು 13. ಆ 28 ಮಾರ್ಕ್ಸ್‌ನ ಸೆಪ್ಟೆಂಬರ್ ಅಕ್ಟೋಬರ್‌ನಲ್ಲೇ ಗಟ್ಟಿ ಮಾಡ್ಕೊ, ಇದನ್ನ ಕೊನೆಗೆ ಇಟ್ಕೊಂಡೋರು ಕೊನೆಗೂ ಓದಲ್ಲ. ಆಮೇಲೆ ನೆಟ್‌ವರ್ಕ್ಸ್, ಡಿಜಿಟಲ್, ಅನಲಾಗ್, ಡಿವೈಸಸ್, ಈ ನಾಲ್ಕು ನಿಂಗೆ ಮುಂದೆ ವಿಎಲ್‌ಎಸ್‌ಐನಲ್ಲೂ ಅನ್ನ ಹಾಕೋವು, ಇವನ್ನ ಬಾಯಿಪಾಠ ಮಾಡದೆ ನಿಜವಾಗ್ಲೂ ಕಲಿ. ಸಿಗ್ನಲ್ಸ್, ಕಂಟ್ರೋಲ್, ಕಮ್ಯುನಿಕೇಷನ್ ಹಳೇ ಪ್ರಶ್ನೆಪತ್ರಿಕೆ ಮಾಡ್ತಾ ಮಾಡ್ತಾ ಕೂಡಿಸ್ಕೊ. ಎಲೆಕ್ಟ್ರೋಮ್ಯಾಗ್ನೆಟಿಕ್ಸ್ ಪೂರ್ತಿ ಬಿಡ್ಬೇಡ, ಬೇಸಿಕ್ ಫಾರ್ಮುಲಾದ್ದು ಸಾಕು. ವಾರದ ದಿನ ಬೆಳಿಗ್ಗೆ ಎರಡು ಗಂಟೆ, ಆಫೀಸಿಂದ ಬಂದ್ಮೇಲೆ ಏನೂ ಇಟ್ಕೋಬೇಡ ತಲೆ ಓಡಲ್ಲ, ಶನಿವಾರ ಭಾನುವಾರ ಪೂರ್ತಿ. ಡಿಸೆಂಬರ್‌ನಿಂದ ವಾರಕ್ಕೊಂದು ಫುಲ್ ಟೆಸ್ಟ್. ಜನವರಿ ಕೊನೆಗೆ ಸಾಲಾಗಿ ರಜೆ ಹಾಕೋಕೆ ಈಗಿನಿಂದಲೇ ರಜೆ ಉಳಿಸ್ಕೊ, ಹಬ್ಬಕ್ಕೆ ಊರಿಗೆ ಹೋಗೋದು ಈ ವರ್ಷ ಸ್ವಲ್ಪ ಕಮ್ಮಿ ಆಗ್ಲಿ. ಅರ್ಜಿ ಹಾಕೋದು ಸಾಮಾನ್ಯವಾಗಿ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ತನಕ ಇರುತ್ತೆ, ಅದನ್ನ ಮರೀಬೇಡ.

480ಕ್ಕೆ ಐಐಎಸ್‌ಸಿ ಆಗ್ಲಿ ಹಳೇ ಐಐಟಿಗಳಾಗ್ಲಿ ವಿಎಲ್‌ಎಸ್‌ಐ ಸೀಟು ಜನರಲ್‌ನಲ್ಲಿ ಸಿಗಲ್ಲ, ತುಂಬಾ ಮೇಲಿಂದ ತುಂಬ್ಕೊಂಡು ಬರ್ತವೆ. ಎನ್‌ಐಟಿಗಳದ್ದು, ಅವುಗಳ ಎಂ.ಟೆಕ್ ಸೀಟು ಹಂಚೋ ಸಿಸಿಎಂಟಿ ವೆಬ್‌ಸೈಟಲ್ಲಿ ಹಿಂದಿನ ವರ್ಷಗಳ ಓಪನಿಂಗ್ ಕ್ಲೋಸಿಂಗ್ ಸ್ಕೋರ್ ರೌಂಡ್ ಪ್ರಕಾರ, ಕೆಟಗರಿ ಪ್ರಕಾರ ಹಾಕಿರ್ತಾರೆ, ಸುರತ್ಕಲ್ ವಿಎಲ್‌ಎಸ್‌ಐ ಎಷ್ಟಕ್ಕೆ ನಿಂತಿದೆ ಅಂತ ಇವತ್ತೇ ತೆಗೆದು ನೋಡಿ ಒಂದು ಚೀಟಿಲಿ ಬರೆದು ಟೇಬಲ್ ಮುಂದೆ ಅಂಟಿಸ್ಕೊ. ಗೇಟ್ ಸ್ಕೋರ್ ಮೂರು ವರ್ಷ ನಡೆಯುತ್ತೆ, ಹಾಗಾಗಿ ಈ ಸಲ ಒಳ್ಳೇ ಸ್ಕೋರ್ ಬಂದು ಮನೆ ಪರಿಸ್ಥಿತಿ ಸರಿ ಇಲ್ದಿದ್ರೆ ಮುಂದಿನ ವರ್ಷಕ್ಕೂ ಅದೇ ಬಳಸ್ಬಹುದು.

ಕೆಟಗರಿ ಅಂದಾಗ ನೆನಪಾಯ್ತು, ಇದನ್ನ ಪ್ರತಿ ವರ್ಷ ಹೇಳ್ತೀನಿ, ಪ್ರತಿ ವರ್ಷ ಯಾರಾದ್ರೂ ಅಳ್ತಾ ಫೋನ್ ಮಾಡ್ತಾರೆ. ನಮ್ಮ ರಾಜ್ಯದ 2ಎ, 3ಎ, 3ಬಿ ಸರ್ಟಿಫಿಕೇಟು ಐಐಟಿ ಎನ್‌ಐಟಿಗಳಲ್ಲಿ ನಡೆಯಲ್ಲ. ಕೇಂದ್ರದ ಒಬಿಸಿ ಪಟ್ಟಿ ಬೇರೆ, ರಾಜ್ಯದ ಪಟ್ಟಿಲಿರೋ ಎಲ್ಲ ಜಾತಿನೂ ಅದ್ರಲ್ಲಿ ಇಲ್ಲ. ನಿಮ್ಮದು ಅದ್ರಲ್ಲಿದ್ರೆ ಕೇಂದ್ರದ ನಮೂನೆಯಲ್ಲೇ ಒಬಿಸಿ ನಾನ್ ಕ್ರೀಮಿ ಲೇಯರ್ ಸರ್ಟಿಫಿಕೇಟ್ ತಗೋಬೇಕು, ಇಲ್ದಿದ್ರೆ ಆರ್ಥಿಕವಾಗಿ ಹಿಂದುಳಿದೋರ ಇಡಬ್ಲ್ಯುಎಸ್‌ಗೆ ಅರ್ಹತೆ ಇದ್ಯಾ ನೋಡ್ಬೇಕು. ಅಡ್ಮಿಷನ್‌ಗೆ ಸಾಮಾನ್ಯವಾಗಿ ಏಪ್ರಿಲ್ 1ರ ನಂತರ ಕೊಟ್ಟಿರೋದೇ ಕೇಳ್ತಾರೆ, ಹಾಗಾಗಿ ಏಪ್ರಿಲ್ ಬಂದ ಕೂಡ್ಲೇ ನಾಡಕಚೇರಿಲಿ ಅರ್ಜಿ ಹಾಕಿಬಿಡು, ಮೇ ಕೊನೇಲಿ ಓಡಾಡಿದ್ರೆ ಸಿಗೋದು ಕಷ್ಟ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ವಿಎಲ್‌ಎಸ್‌ಐಗೆ ಎಂ.ಟೆಕ್ ಬೇಕಾ? ಎಲ್ಲ ಫೀಲ್ಡಿಗೂ ನಾನು ಬೇಕು ಅನ್ನಲ್ಲ. ನೀನು ವೆಬ್ ಡೆವಲಪ್‌ಮೆಂಟ್‌ಗೆ ಹೋಗ್ಬೇಕು ಅಂದಿದ್ರೆ ಎರಡು ವರ್ಷ ಹಾಳು ಮಾಡ್ಕೋಬೇಡ, ಮನೇಲೇ ಕಲಿ ಅಂತಿದ್ದೆ. ಚಿಪ್ ಡಿಸೈನ್ ಹಾಗಲ್ಲ. ಬೆಂಗಳೂರಲ್ಲಿ 1985ರಲ್ಲೇ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದು ಕೂತಾಗಿನಿಂದ ಇಂಟೆಲ್, ಕ್ವಾಲ್‌ಕಾಮ್, ಎಎಂಡಿ, ಎನ್‌ವಿಡಿಯಾ ಎಲ್ಲರದ್ದೂ ಡಿಸೈನ್ ಸೆಂಟರ್ ಇಲ್ಲಿದೆ, ಕೆಲಸ ಇಲ್ಲ ಅಂತಲ್ಲ. ಆದ್ರೆ ಈ ಕಂಪನಿಗಳ ಬಾಗಿಲು ಹೊಸಬರಿಗೆ ತೆರೆಯೋದು ಹೆಚ್ಚಾಗಿ ಕ್ಯಾಂಪಸ್ ಇಂಟರ್ನ್‌ಶಿಪ್ ಮೂಲಕ, ಅದೂ ಒಳ್ಳೇ ಕಾಲೇಜಿನ ಎಂ.ಟೆಕ್ ಎರಡನೇ ವರ್ಷದಲ್ಲಿ ಆರು ತಿಂಗಳೋ ಒಂದು ವರ್ಷವೋ ಕೆಲಸ ಮಾಡ್ಸಿ ಆಮೇಲೆ ತಗೋತಾರೆ. ಇನ್ನೊಂದು ಕಾರಣ ಟೂಲ್ಸ್. ಚಿಪ್ ಡಿಸೈನ್ ಮಾಡೋ ಕೇಡೆನ್ಸ್, ಸಿನಾಪ್ಸಿಸ್ ಸಾಫ್ಟ್‌ವೇರ್ ಲೈಸೆನ್ಸ್ ಮನೇಲಿ ಕೂತೋರಿಗೆ ಸಿಗೋ ಬೆಲೆಯಲ್ಲ, ಕಾಲೇಜುಗಳಿಗೆ ಈಗ ಚಿಪ್ಸ್ ಟು ಸ್ಟಾರ್ಟಪ್ ಅನ್ನೋ ಸರ್ಕಾರಿ ಯೋಜನೆಲಿ ಬೆಂಗಳೂರಿನ ಸಿ-ಡ್ಯಾಕ್‌ನಲ್ಲಿರೋ ಚಿಪ್‌ಇನ್ ಸೆಂಟರ್ ಮೂಲಕ ಕೊಡ್ತಿದಾರೆ. ಹಾಗಾಗಿ ನಿನ್ನ ವಿಷಯದಲ್ಲಿ ಡಿಗ್ರಿಗೆ ಒಂದು ಅರ್ಥ ಇದೆ, ಅದಿಲ್ದೆ ಮುಚ್ಚಿರೋ ಕೆಲಸವೊಂದು ಅದ್ರಿಂದ ತೆರೆಯುತ್ತೆ.

ಎಲ್ಲ ಎಂ.ಟೆಕ್ಕೂ ತೆರೆಯಲ್ಲ ಅನ್ನೋದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳ್ತೀನಿ. ಐಐಎಸ್‌ಸಿಯ ಮೈಕ್ರೋಎಲೆಕ್ಟ್ರಾನಿಕ್ಸ್ ಆಂಡ್ ವಿಎಲ್‌ಎಸ್‌ಐ ಡಿಸೈನ್, ಅಲ್ಲೇ ಇರೋ ಎಲೆಕ್ಟ್ರಾನಿಕ್ ಸಿಸ್ಟಮ್ಸ್ ಇಂಜಿನಿಯರಿಂಗ್, ಐಐಟಿಗಳ ವಿಎಲ್‌ಎಸ್‌ಐ, ಸುರತ್ಕಲ್ ಮತ್ತೆ ಅದರ ಸಮಕ್ಕಿರೋ ಎನ್‌ಐಟಿಗಳ ವಿಎಲ್‌ಎಸ್‌ಐ, ಇವು ಸಿಕ್ಕಿದ್ರೆ ಯೋಚ್ನೆ ಮಾಡ್ದೆ ಹೋಗು. ಎಲೆಕ್ಟ್ರಾನಿಕ್ ಸಿಟಿಲಿರೋ ಐಐಐಟಿ ಬೆಂಗಳೂರು ಕೂಡ ಒಳ್ಳೇದೇ, ಅಲ್ಲಿ ಫೀಸು ಬೇರೆ ಮಟ್ಟದ್ದು, ಲೋನ್ ಲೆಕ್ಕ ಹಾಕಿ ನಿರ್ಧಾರ ಮಾಡು. ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು ವಿಟಿಯು ಕಾಲೇಜುಗಳಲ್ಲಿ ಸಿಗೋ ವಿಎಲ್‌ಎಸ್‌ಐ ಆಂಡ್ ಎಂಬೆಡೆಡ್ ಬಗ್ಗೆ ಕಾಲೇಜು ಕಾಲೇಜಿಗೂ ವ್ಯತ್ಯಾಸ ಇದೆ, ಬೆಂಗಳೂರಿನ ನಾಲ್ಕಾರು ಹಳೇ ಕಾಲೇಜು ಬಿಟ್ರೆ ನಿನ್ನಂಥ ಜವಾಬ್ದಾರಿ ಇರೋಳು ಇರೋ ಕೆಲಸ ಬಿಟ್ಟು ಹೋಗೋಷ್ಟು ಅಲ್ಲಿ ಏನೂ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಯಾವುದೇ ಕಾಲೇಜಾದ್ರೂ ವೆಬ್‌ಸೈಟಿನ ಪ್ಲೇಸ್‌ಮೆಂಟ್ ಪರ್ಸೆಂಟೇಜ್ ನಂಬ್ಬೇಡ, ಈಗ ಎರಡನೇ ವರ್ಷದಲ್ಲಿರೋ ಇಬ್ಬರು ಸೀನಿಯರ್‌ಗಳನ್ನ ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಕೇಳು, ನಿಮ್ಮ ಬ್ಯಾಚಲ್ಲಿ ಎಷ್ಟು ಜನ, ಅವ್ರಲ್ಲಿ ಕೋರ್, ಅಂದ್ರೆ ಚಿಪ್ ಕೆಲಸದ ಕಂಪನಿಗೆ ಇಂಟರ್ನ್‌ಶಿಪ್ ಹೋದೋರು ಎಷ್ಟು, ಬಿ.ಇ. ಮಾರ್ಕ್ಸ್‌ಗೆ ಕಟಾಫ್ ಹಾಕ್ತಾರಾ, ಓದಿನ ಮಧ್ಯೆ ಗ್ಯಾಪ್ ಇದ್ದೋರಿಗೆ ತೊಂದ್ರೆ ಆಯ್ತಾ. ಹುಡುಗ್ರು ನಿಜ ಹೇಳ್ತಾರೆ.

ಆರು ತಿಂಗಳ ವಿಎಲ್‌ಎಸ್‌ಐ ಟ್ರೈನಿಂಗ್, ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಂತ ಲಕ್ಷಗಟ್ಲೆ ತಗೊಳ್ಳೋ ಇನ್‌ಸ್ಟಿಟ್ಯೂಟುಗಳ ಕಡೆ ಈ ಪರಿಸ್ಥಿತಿಲಿ ತಲೆ ಹಾಕಬೇಡ, ಕೆಲಸ ಬಿಟ್ಟು ಅಂತೂ ಬೇಡವೇ ಬೇಡ. ಬಿಟ್ಸ್ ಪಿಲಾನಿಯವ್ರದ್ದು ಕೆಲಸ ಮಾಡ್ಕೊಂಡೇ ಮಾಡೋ ಮೈಕ್ರೋಎಲೆಕ್ಟ್ರಾನಿಕ್ಸ್ ಎಂ.ಟೆಕ್ ಇದೆ, ಐಐಎಸ್‌ಸಿಯಲ್ಲೂ ಕಂಪನಿ ಸ್ಪಾನ್ಸರ್ ಮಾಡೋರಿಗೆ ಆನ್‌ಲೈನ್ ಎಂ.ಟೆಕ್ ಇದೆ. ಅವು ಆಗ್ಲೇ ಆ ಫೀಲ್ಡಲ್ಲಿ ಇರೋರಿಗೆ ಚೆನ್ನಾಗಿ ಕೂಡುತ್ತವೆ. ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಕೂತಿರೋಳು ಅದನ್ನ ಮಾಡಿ ಚಿಪ್ ಕಂಪನಿಗೆ ಹಾರೋದು ಕಷ್ಟ, ಕ್ಯಾಂಪಸ್ ಇಲ್ಲ ಇಂಟರ್ನ್‌ಶಿಪ್ ಇಲ್ಲ, ರೆಸ್ಯೂಮೆಲಿ ಟೆಸ್ಟಿಂಗ್ ಅಂತಲೇ ಇರುತ್ತೆ.

ಟೆಸ್ಟಿಂಗ್ ಅಂತ ನೀನು ಬರೆದಿರೋ ಧಾಟಿ ನೋಡಿದ್ರೆ ಆ ನಾಲ್ಕು ವರ್ಷ ವೇಸ್ಟ್ ಅಂತ ಮನಸ್ಸಲ್ಲಿ ಇದ್ದಂಗಿದೆ, ಅದು ತಪ್ಪು. ಚಿಪ್ ಪ್ರಾಜೆಕ್ಟಲ್ಲಿ ಡಿಸೈನ್ ಮಾಡೋರಿಗಿಂತ ಅದನ್ನ ಪರೀಕ್ಷೆ ಮಾಡೋರೇ ಜಾಸ್ತಿ ಇರ್ತಾರೆ, ಡಿಸೈನ್ ವೆರಿಫಿಕೇಶನ್ ಅಂತಾರೆ. ಸಾಫ್ಟ್‌ವೇರಲ್ಲಿ ಬಗ್ ಇದ್ರೆ ಮುಂದಿನ ವಾರ ಪ್ಯಾಚ್ ಕಳಿಸ್ತೀರ, ಚಿಪ್ ಒಂದ್ಸಲ ತಯಾರಿಸೋ ಫ್ಯಾಬ್‌ಗೆ ಹೋಯ್ತು ಅಂದ್ರೆ ಬಗ್ ಸಿಕ್ಕಿದ್ರೆ ಅಚ್ಚಿನಂಥ ಮಾಸ್ಕ್ ಮತ್ತೆ ಮಾಡ್ಸಬೇಕು, ಕೋಟಿಗಟ್ಲೆ ದುಡ್ಡು, ತಿಂಗಳುಗಟ್ಲೆ ಟೈಮು. ಅದಕ್ಕೆ ಕಳಿಸೋ ಮುಂಚೆಯೇ ಸಾವಿರಾರು ಟೆಸ್ಟ್ ರಾತ್ರಿಯೆಲ್ಲ ಓಡಿಸ್ತಾರೆ, ಬೆಳಿಗ್ಗೆ ಬಂದು ಯಾವುದು ಫೇಲ್, ಯಾಕೆ ಫೇಲ್, ಎಷ್ಟು ಕವರೇಜ್ ಬಂತು, ಅಂದ್ರೆ ಡಿಸೈನಿನ ಎಷ್ಟು ಭಾಗ ಟೆಸ್ಟ್ ಆಯ್ತು ಅಂತ ನೋಡ್ತಾರೆ. ಹಳೇ ಟೆಸ್ಟ್ ಮತ್ತೆ ಮತ್ತೆ ಓಡಿಸೋ ರಿಗ್ರೆಷನ್, ಬಗ್ ರಿಪೋರ್ಟ್, ಪೈಥಾನ್ ಸ್ಕ್ರಿಪ್ಟ್, ಡೆವಲಪರ್ ಜೊತೆ ಜಗಳ, ಇದೆಲ್ಲ ನಿಂಗೆ ಗೊತ್ತಿರೋದೇ. ಕ್ಯಾಂಪಸ್‌ನಲ್ಲಿ ನಿನ್ನನ್ನ ಫ್ರೆಶರ್ ಅಂತಲೇ ತಗೋತಾರೆ, ನಾಲ್ಕು ವರ್ಷದ ಎಕ್ಸ್‌ಪೀರಿಯನ್ಸ್‌ಗೆ ಸಾಮಾನ್ಯವಾಗಿ ಸಂಬಳ ಸೇರಿಸಲ್ಲ, 29ನೇ ವಯಸ್ಸಲ್ಲಿ 24ರೋರ ಜೊತೆ ಅದೇ ಲೆವೆಲ್ಲಲ್ಲಿ ಶುರು ಮಾಡ್ಬೇಕು, ಅದಕ್ಕೆ ಮನಸ್ಸು ರೆಡಿ ಇರ್ಲಿ. ಆದ್ರೆ ಇಂಟರ್‌ವ್ಯೂ ರೂಮಲ್ಲಿ "ಇದನ್ನ ಹೇಗೆ ಟೆಸ್ಟ್ ಮಾಡ್ತೀಯ" ಅಂದಾಗ ಉಳಿದೋರು ತಡಬಡಾಯಿಸೋ ಕಡೆ ನೀನು ಮಾತಾಡ್ತೀಯ.

ಇಷ್ಟ ಅಂತ ಬರೆದಿದೀಯಲ್ಲ, ಅದನ್ನೂ ಒಂದ್ಸಲ ಕೈಯಿಂದ ಮುಟ್ಟಿ ನೋಡು. ಕಾಲೇಜಲ್ಲಿ ಒಳ್ಳೇ ಲೆಕ್ಚರರ್ ಸಿಕ್ಕಿದ್ರು ಅನ್ನೋ ಕಾರಣಕ್ಕೆ ಸಬ್ಜೆಕ್ಟ್ ಇಷ್ಟ ಆಗಿರುತ್ತೆ, ದಿನಾ ಎಂಟು ಗಂಟೆ ಅದನ್ನೇ ಮಾಡೋದು ಬೇರೆ. ಲ್ಯಾಪ್‌ಟಾಪಲ್ಲಿ ಸರ್ಕ್ಯೂಟ್ ಕೋಡ್ ಓಡಿಸೋ ಐಕಾರಸ್ ವೆರಿಲಾಗ್, ಅದರ ಸಿಗ್ನಲ್‌ಗಳನ್ನ ತೋರಿಸೋ ಜಿಟಿಕೆವೇವ್ ಹಾಕ್ಕೊ, ಎರಡೂ ಫ್ರೀ. ಒಂದು ಅಸಿಂಕ್ರೋನಸ್ ಫೈಫೋ ಬರಿ, ಅಂದ್ರೆ ಮೊದ್ಲು ಬಂದ ಡೇಟಾ ಮೊದ್ಲು ಹೊರಗೆ ಹೋಗೋ ಸಾಲು. ಬರೆಯೋ ಕಡೆ ಒಂದು ಕ್ಲಾಕು, ಓದೋ ಕಡೆ ಇನ್ನೊಂದು ಕ್ಲಾಕು, ಎರಡಕ್ಕೂ ಸಂಬಂಧ ಇಲ್ಲ. ಫುಲ್ ಆಯ್ತಾ ಎಂಪ್ಟಿ ಆಯ್ತಾ ಅಂತ ಗೊತ್ತಾಗೋಕೆ ಆ ಕಡೆ ಎಲ್ಲಿ ತನಕ ಬಂದಿದೆ ಅನ್ನೋ ಪಾಯಿಂಟರ್ ಈ ಕಡೆಗೆ ದಾಟ್ಬೇಕು, ಸುಮ್ನೆ ಬೈನರಿಲಿ ದಾಟಿಸಿದ್ರೆ 0111ರಿಂದ 1000ಕ್ಕೆ ಹೋಗುವಾಗ ನಾಲ್ಕು ಬಿಟ್ಟೂ ಒಟ್ಟಿಗೆ ಬದಲಾಗುತ್ತೆ, ಆ ಕ್ಷಣದಲ್ಲಿ ಈ ಕಡೆ ಕ್ಲಾಕ್ ಬಂದ್ರೆ ಏನೇನೋ ಓದ್ಕೊಳ್ಳುತ್ತೆ. ಗ್ರೇ ಕೋಡಲ್ಲಿ ಒಂದೇ ಬಿಟ್ ಬದಲಾಗೋದು, ಎರಡು ಫ್ಲಿಪ್‌ಫ್ಲಾಪ್ ದಾಟಿಸಿ ತಗೊಂಡ್ರೆ ಹಳೇ ಬೆಲೆ ಇಲ್ಲ ಹೊಸ ಬೆಲೆ, ಎರಡ್ರಲ್ಲಿ ಒಂದೇ ಬರುತ್ತೆ. ಇದನ್ನ ನೀನೇ ಬರೆದು, ನೀನೇ ಅದನ್ನ ಪರೀಕ್ಷೆ ಮಾಡೋ ಕೋಡ್, ಟೆಸ್ಟ್‌ಬೆಂಚ್, ಕಟ್ಟಿ, ಫುಲ್ ಆಗಿರೋವಾಗ ಬರೆದ್ರೆ ಡೇಟಾ ಹಾಳಾಗುತ್ತಾ ಅಂತ ವೇವ್‌ಫಾರ್ಮ್‌ನಲ್ಲಿ ಒಂದೊಂದೇ ಎಡ್ಜ್ ನೋಡು. ಮೂರು ವೀಕೆಂಡ್ ಕೊಡು ಇದಕ್ಕೆ. ರಾತ್ರಿ ಹನ್ನೊಂದಾದ್ರೂ ಏಳೋಕೆ ಮನಸ್ಸು ಬರ್ಲಿಲ್ಲ ಅಂದ್ರೆ ನೀನು ಈ ಫೀಲ್ಡಿಗೆ ಸೇರಿದೋಳು. ತಲೆನೋವು, ಯಾವಾಗ ಮುಗಿಯುತ್ತೋ ಅನ್ಸಿದ್ರೆ ಅದೂ ಒಳ್ಳೇದೇ, ಎರಡು ವರ್ಷ ಮತ್ತೆ ದುಡ್ಡು ಉಳೀತು, ಆಗ ಬೇಸರ ಇರೋದು ನಿನ್ನ ಪ್ರಾಜೆಕ್ಟ್ ಮೇಲೋ ಮ್ಯಾನೇಜರ್ ಮೇಲೋ ಇರ್ಬಹುದು, ಅದಕ್ಕೆ ಮದ್ದು ಕಂಪನಿ ಬದಲಾಯಿಸೋದು.

ದುಡ್ಡಿನ ವಿಷಯ. ಗೇಟ್ ಇರೋರಿಗೆ ಎಂ.ಟೆಕ್‌ನಲ್ಲಿ ತಿಂಗಳಿಗೆ 12,400 ಸ್ಟೈಪೆಂಡ್ ಬರುತ್ತೆ, ಅದಕ್ಕೆ ವಾರಕ್ಕೆ ಎಂಟು ಗಂಟೆ ಲ್ಯಾಬ್ ಇಲ್ಲ ಟ್ಯುಟೋರಿಯಲ್ ಕೆಲಸ ಮಾಡ್ಬೇಕು. ಅದು ಹಾಸ್ಟೆಲ್, ಮೆಸ್ಸು, ನಿನ್ನ ಕೈಖರ್ಚಿಗೆ ಸರಿ ಹೋಗುತ್ತೆ, ಮನೆಗೆ ಕಳಿಸೋಕೆ ಉಳಿಯಲ್ಲ ಅಂತ ಇಟ್ಕೊ. ತಿಂಗಳು ತಿಂಗಳು ಸರಿಯಾಗಿ ಬರುತ್ತೆ ಅಂತಲೂ ನಂಬ್ಬೇಡ, ಶುರುವಿನಲ್ಲಿ ಎರಡು ಮೂರು ತಿಂಗಳದ್ದು ಒಟ್ಟಿಗೆ ಬರೋದುಂಟು. ಈಗ ನಿನ್ನ ಲೋನ್ ನೋಡು. ಮುಂದಿನ ಜುಲೈ ತನಕ 11 ಕಂತು ಕಟ್ಟಿರ್ತೀಯ, ಇನ್ನು 11 ಬಾಕಿ, ಅಂದ್ರೆ 1 ಲಕ್ಷದ 3 ಸಾವಿರ, ಮುಂಚೆಯೇ ಕ್ಲೋಸ್ ಮಾಡಿದ್ರೆ ಬಡ್ಡಿ ಕಳೆದು ಇನ್ನೂ ಸ್ವಲ್ಪ ಕಮ್ಮಿ. ಗ್ರ್ಯಾಚುಟಿ 72 ಸಾವಿರ ಬಂದ ಕೂಡ್ಲೇ ಅದಕ್ಕೆ ಇನ್ನೊಂದು 30 ಸಾವಿರ ಸೇರಿಸಿ ಆ ಲೋನ್ ಮುಗಿಸಿಬಿಡು, ಫೋರ್‌ಕ್ಲೋಷರ್ ಚಾರ್ಜ್ ಎಷ್ಟು ಅಂತ ಬ್ಯಾಂಕಲ್ಲಿ ಈಗಲೇ ಕೇಳಿಟ್ಕೊ. ಸ್ಟೂಡೆಂಟ್ ಆಗಿರುವಾಗ ಇಎಂಐ ತಪ್ಪಿ ಸಾಲ ತೀರಿಸೋ ದಾಖಲೆಯ ಸಿಬಿಲ್ ಸ್ಕೋರ್ ಕೆಟ್ರೆ ಎಜುಕೇಷನ್ ಲೋನಿಗೂ ತೊಂದ್ರೆ.

ಉಳಿಯೋದು ಮನೆಗೆ 12 ಸಾವಿರ, 24 ತಿಂಗಳಿಗೆ 2 ಲಕ್ಷ 88 ಸಾವಿರ. ತಿಂಗಳಿಗೆ 10 ಸಾವಿರ ಉಳಿಸಿದ್ರೆ 11 ತಿಂಗಳಿಗೆ 1 ಲಕ್ಷ 10 ಸಾವಿರ, ಹಳೇದು ಸೇರಿ 2 ಲಕ್ಷ 90, ಲೋನಿಗೆ 30 ಹೋಗಿ 2 ಲಕ್ಷ 60. ಸಾಲಲ್ಲ. ಇಲ್ಲಿ ನಿನ್ನ ತಮ್ಮ ಬರ್ಬೇಕು. ಅವನೂ ದುಡೀತಿದಾನೆ, ತಿಂಗಳಿಗೆ 5 ಸಾವಿರ ಮನೆಗೆ ಕೊಡು ಅಂತ ಕೂರಿಸ್ಕೊಂಡು ಹೇಳು. ನಮ್ಮಲ್ಲಿ ದೊಡ್ಡ ಮಗಳು ದುಡಿಯೋಕೆ ಶುರು ಮಾಡಿದ್ರೆ ಎಲ್ಲರೂ ಅದನ್ನೇ ಅಭ್ಯಾಸ ಮಾಡ್ಕೊಂಡ್ಬಿಡ್ತಾರೆ, ಕೇಳದೇ ಇದ್ರೆ ಯಾರೂ ತಾವಾಗಿ ಭುಜ ಕೊಡಲ್ಲ. ಅವನು ಐದು ಕೊಟ್ರೆ ನಿನ್ನ ಪಾಲು ಏಳು ಸಾವಿರ, ಎರಡು ವರ್ಷಕ್ಕೆ 1 ಲಕ್ಷ 68 ಸಾವಿರ, ಕೈಯಲ್ಲಿ 90 ಸಾವಿರ ಚಿಲ್ಲರೆ ಉಳಿಯುತ್ತೆ. ಆಮೇಲೆ ಬೇಡ, ಈ ಸೆಪ್ಟೆಂಬರ್‌ನಿಂದಲೇ ಅವನು ಕೊಡೋಕೆ ಶುರು ಮಾಡ್ಲಿ, ಆಗ ಜುಲೈನಲ್ಲಿ ಮನೆಯೋರಿಗೆ ಹೊಸದು ಅನ್ಸಲ್ಲ.

ಫೀಸು ಎನ್‌ಐಟಿಲಿ ಟ್ಯೂಷನ್ ವರ್ಷಕ್ಕೆ ಸುಮಾರು 70 ಸಾವಿರ, ಹಾಸ್ಟೆಲ್ ಬೇರೆ. ಇದಕ್ಕೆ ಎಜುಕೇಷನ್ ಲೋನ್ ತಗೊ, ಉಳಿತಾಯ ಮುರೀಬೇಡ. 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಲಿ ಪಟ್ಟಿಲಿರೋ ಒಳ್ಳೇ ಸಂಸ್ಥೆಗಳಿಗೆ ಅಡಮಾನ, ಜಾಮೀನು ಇಲ್ದೆ ಸಾಲ ಕೊಡ್ತಾರೆ, ಕೋರ್ಸು ಮುಗಿದು ಒಂದು ವರ್ಷದ ತನಕ ಕಂತು ಕಟ್ಟಬೇಕಾಗಿಲ್ಲ. ಊರಲ್ಲಿ ಅಪ್ಪನ ಜಮೀನು ಏನಾದ್ರೂ ಇದ್ದು, ಅದನ್ನ ಅಡ ಇಡೋ ಮಾತು ಯಾರಾದ್ರೂ ತೆಗೆದ್ರೆ ಒಪ್ಕೋಬೇಡ, ಈ ಮೊತ್ತಕ್ಕೆ ಅದರ ಅಗತ್ಯವೇ ಇಲ್ಲ. ಪಿಎಫ್ ಕೂಡ ಮುಟ್ಬೇಡ, ನಿನ್ನ ಪಿಎಫ್ ನಂಬರ್ ಯುಎಎನ್ ಹಾಗೇ ಇರುತ್ತೆ, ಮುಂದಿನ ಕಂಪನಿಗೆ ಸೇರಿಸ್ಕೋಬಹುದು.

ಈಗ ನನ್ನನ್ನ ನಿಜವಾಗ್ಲೂ ಚಿಂತೆಗೆ ಹಚ್ಚಿರೋ ವಿಷಯ. ಅಪ್ಪಂಗೆ ಬೈಪಾಸ್ ಆಗಿದೆ, ಕಂಪನಿ ಇನ್ಶೂರೆನ್ಸ್ ನೀನು ಬಿಟ್ಟ ದಿನಾನೇ ನಿಂತುಹೋಗುತ್ತೆ. ಹೊಸದಾಗಿ ಪಾಲಿಸಿ ಮಾಡ್ಸಿದ್ರೆ ಮೊದ್ಲೇ ಇರೋ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸ್ಬಹುದು, ಕೆಲವ್ರು ಕೊಡೋದೇ ಇಲ್ಲ. ಅದಕ್ಕೆ ಬಿಡೋಕೆ ಎರಡು ತಿಂಗಳ ಮುಂಚೆಯೇ ಎಚ್‌ಆರ್ ಹತ್ರ ಇನ್ಶೂರೆನ್ಸ್ ಕಂಪನಿ ಯಾವುದು ಅಂತ ಕೇಳಿ, ಗ್ರೂಪ್ ಪಾಲಿಸಿಯಿಂದ ಅದೇ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸ್ಕೊಡಿ ಅಂತ ಬರೆದು ಅರ್ಜಿ ಕೊಡು, ಗ್ರೂಪ್‌ನಲ್ಲಿ ಕಳೆದ ಅವಧಿ ಅದಕ್ಕೆ ಲೆಕ್ಕಕ್ಕೆ ಬರುತ್ತೆ. ಪ್ರೀಮಿಯಂ ಜಾಸ್ತಿ ಬರ್ಬಹುದು, ಆ 90 ಸಾವಿರದಲ್ಲಿ ಮೊದಲ ಪಾಲು ಇದಕ್ಕೇ. ಜೊತೆಗೆ ಅಪ್ಪ ಊರಿನ ಡೈರಿಗೋ ಸೊಸೈಟಿಗೋ ಮೆಂಬರ್ ಆಗಿದ್ರೆ ಸಹಕಾರ ಸಂಘದ ಸದಸ್ಯರಿಗೆ ಇರೋ ಆರೋಗ್ಯ ಯೋಜನೆ ಯಶಸ್ವಿನಿಯ ಕಾರ್ಡ್ ಮಾಡ್ಸು, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ನೋಂದಣಿ ವರ್ಷಪೂರ್ತಿ ಇರಲ್ಲ, ಸೊಸೈಟಿ ಸೆಕ್ರೆಟರಿನ ಕೇಳ್ಬೇಕು. ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲೂ 5 ಲಕ್ಷ ಇದೆ. ಇದು ಸರಿ ಆಗದೆ ಐಐಎಸ್‌ಸಿ ಸೀಟು ಬಂದ್ರೂ ರಿಸೈನ್ ಬಟನ್ ಒತ್ತಬೇಡ.

ಒತ್ತೋದು ಯಾವಾಗ ಅಂದ್ರೆ, ಐಐಟಿ ಐಐಎಸ್‌ಸಿ ಆಫರ್‌ಗಳು ಸಿಒಎಪಿ ಅನ್ನೋ ಒಂದೇ ಪೋರ್ಟಲ್‌ನಲ್ಲಿ ಬರ್ತವೆ. ಪ್ರತಿ ಸಂಸ್ಥೆಗೆ ಮಾರ್ಚ್ ಏಪ್ರಿಲ್‌ನಲ್ಲಿ ಬೇರೆ ಬೇರೆ ಅರ್ಜಿ ಹಾಕಿ, ಇಲ್ಲೂ ರಿಜಿಸ್ಟರ್ ಆಗಿರ್ಬೇಕು. ಪ್ರತಿ ರೌಂಡಲ್ಲಿ ಆಫರ್ ಬಂದಾಗ ಆಕ್ಸೆಪ್ಟ್ ಆಂಡ್ ಫ್ರೀಜ್ (ಇದೇ ಸಾಕು), ರಿಟೇನ್ ಆಂಡ್ ವೇಟ್ (ಇದನ್ನ ಇಟ್ಕೊಂಡು ಇನ್ನೂ ಒಳ್ಳೇದಕ್ಕೆ ಕಾಯೋದು), ರಿಜೆಕ್ಟ್ ಆಂಡ್ ವೇಟ್ (ಇದು ಬೇಡ, ಕಾಯ್ತೀನಿ) ಅಂತ ಮೂರು ಆಯ್ಕೆ. ನಿಂಗೆ ಬೇಕಾದ ಬ್ರಾಂಚಲ್ಲಿ, ನೀನು ಹೋಗೋಕೆ ರೆಡಿ ಇರೋ ಕಾಲೇಜು ಮೊದಲ ಸಲ ಬಂದ ದಿನ, ರಿಟೇನ್ ಇಟ್ಟಿದ್ರೂ ಸರಿ, ಅವತ್ತೇ ಪೇಪರ್ ಹಾಕು. ಮೇ ಕೊನೆಗೆ ಹಾಕಿದ್ರೂ 90 ದಿನ ಅಂದ್ರೆ ಆಗಸ್ಟ್ ಕೊನೆ ಆಗುತ್ತೆ, ಕ್ಲಾಸ್ ಅಷ್ಟೊತ್ತಿಗೆ ಶುರುವಾಗಿರುತ್ತೆ, ಹಾಗಾಗಿ ಆಫರ್ ಲೆಟರ್ ಈಗಲೇ ತೆಗೆದು ನೋಟಿಸ್ ಬೈಔಟ್, ಅಂದ್ರೆ ದುಡ್ಡು ಕಟ್ಟಿ ಬೇಗ ಬಿಡೋ ಅವಕಾಶ ಇದ್ಯಾ, ಬೇಸಿಕ್ ಮೇಲೋ ಗ್ರಾಸ್ ಮೇಲೋ, ಉಳಿದ ರಜೆ ಅದಕ್ಕೆ ಹೊಂದಿಸ್ತಾರಾ ಅಂತ ಓದ್ಕೊ. ಉನ್ನತ ವ್ಯಾಸಂಗಕ್ಕೆ ಅಂತ ಅಡ್ಮಿಷನ್ ಲೆಟರ್ ತೋರಿಸಿದ್ರೆ ಬಹಳಷ್ಟು ಮ್ಯಾನೇಜರ್‌ಗಳು ಎರಡು ತಿಂಗಳಿಗೆ ಇಳಿಸ್ತಾರೆ, ಪ್ರತಿಸ್ಪರ್ಧಿ ಕಂಪನಿಗೆ ಹೋಗೋರಿಗೆ ಮಾಡೋ ಹಠ ಇಲ್ಲಿ ಮಾಡಲ್ಲ. ಗೇಟ್ ಬರೀತಿದೀನಿ ಅಂತ ಫೆಬ್ರವರಿಗೆ ಮುಂಚೆ ಆಫೀಸಲ್ಲಿ ಯಾರ ಹತ್ರನೂ ಹೇಳ್ಬೇಡ. ರಿಲೀವಿಂಗ್ ಲೆಟರ್ ಇಲ್ದೆ ಬರ್ಬೇಡ.

ಅಮ್ಮನ ವಿಷಯಕ್ಕೆ ಬರ್ತೀನಿ. ಅವರ ಭಯ ಸುಳ್ಳಲ್ಲಮ್ಮ. ಗಂಡ ಆಸ್ಪತ್ರೆಲಿ ಮಲಗಿದ್ದಾಗ ದುಡ್ಡು ಹೊಂದಿಸಿದ್ದು ಈ ಕೆಲಸ, ಅದನ್ನೇ ಬಿಡ್ತೀನಿ ಅಂದ್ರೆ ಯಾವ ತಾಯಿಗೆ ಜೀವ ಹೊಡ್ಕೊಳ್ಳಲ್ಲ. ಅವರ ಹತ್ರ ವಿಎಲ್‌ಎಸ್‌ಐ ಅಂದ್ರೇನು ಅಂತ ವಿವರಿಸೋಕೆ ಹೋಗ್ಬೇಡ. ಲೋನ್ ಇಂಥ ತಿಂಗಳು ಮುಗಿಯುತ್ತೆ, ಮನೆಗೆ ತಿಂಗಳಿಗೆ ಇಷ್ಟು ಬರ್ತಾನೇ ಇರುತ್ತೆ, ಅಪ್ಪನ ಆಸ್ಪತ್ರೆಗೆ ಈ ಕಾರ್ಡ್ ಇದೆ ಅಂತ ಬರೆದು ತೋರಿಸು, ಅರ್ಧ ಮಾತು ಅಲ್ಲೇ ಮುಗಿಯುತ್ತೆ. ಮದುವೆಗೆ ಬೇಡ ಅಂತಲೂ ಹಠ ಹಿಡೀಬೇಡ, ನಿಂಗೆ ಇಷ್ಟ ಇದ್ರೆ ನೋಡ್ಲಿ, ಬರೋರಿಗೆ ಮೊದಲ ಮಾತಲ್ಲೇ ಹೇಳ್ಲಿ, ಹುಡುಗಿ ಇಂಥ ವರ್ಷದ ತನಕ ಓದ್ತಾಳೆ, ಹಾಸ್ಟೆಲಲ್ಲಿ ಇರ್ತಾಳೆ ಅಂತ. ಅದನ್ನ ಕೇಳಿ ವಾಪಸ್ ಹೋಗೋರು ಹೋಗ್ಲಿ. ಮದುವೆ ಆದ್ಮೇಲೆ ಓದಿಸ್ತೀವಿ ಅನ್ನೋ ಬಾಯಿಮಾತನ್ನ ನಂಬಿ ಸೀಟು ಬಿಟ್ಟ ಹುಡುಗಿಯರನ್ನ ನಾನು ಕಣ್ಣಾರೆ ನೋಡಿದೀನಿ, ಅವರಲ್ಲಿ ಒಬ್ಬಳೂ ಆಮೇಲೆ ಓದ್ಲಿಲ್ಲ. ನೀನು ಹಾಗೆ ಮಾಡ್ಬೇಡ.

ಫೆಬ್ರವರಿಲಿ ಅಂದ್ಕೊಂಡಷ್ಟು ಬರ್ಲಿಲ್ಲ ಅಂದ್ರೆ ಕೆಲಸ ಅಂತೂ ಕೈಯಲ್ಲಿ ಇರುತ್ತೆ. ಆಗ ಚಿಪ್ ವೆರಿಫಿಕೇಶನ್‌ಗೆ ಬಳಸೋ ಸಿಸ್ಟಮ್‌ವೆರಿಲಾಗ್, ಯುವಿಎಂ ಕಲಿತು ವೆರಿಫಿಕೇಶನ್ ಸರ್ವೀಸ್ ಕಂಪನಿಗಳಿಗೆ ನೇರವಾಗಿ ಅಪ್ಲೈ ಮಾಡ್ತಾ, ಇನ್ನೊಂದು ಸಲ ಗೇಟ್ ಬರಿ. ಮಾರ್ಚ್‌ನಲ್ಲಿ ಸ್ಕೋರ್ ಬಂದ ಕೂಡ್ಲೇ ಸ್ಕೋರು, ಕೆಟಗರಿ, ಬಿ.ಇ. ಪರ್ಸೆಂಟೇಜ್ ಮೂರೂ ಬರೆದು ಕಳ್ಸು, ಎಲ್ಲೆಲ್ಲಿ ಅರ್ಜಿ ಹಾಕ್ಬೇಕು, ಸಿಸಿಎಂಟಿಲಿ ಯಾವ ಆರ್ಡರಲ್ಲಿ ಚಾಯ್ಸ್ ತುಂಬ್ಬೇಕು ಅಂತ ಕೂತು ನೋಡೋಣ.